ಪಚ್ಚೆಯ ಗೂಡಿಗೆ ನಾನಿಟ್ಟ ಗಾಜು

ಜುಬೈದಕ್ಕ, ನಿಮ್ಮ ಪಚ್ಚೆಯ ಕಾಲು ಸೊಟ್ಟಗಾದದ್ದು ನೀವು ಹಾಕಿದ ಸೊಪ್ಪಿನಿಂದಲ್ಲ — ನಾನಿಟ್ಟ ಗಾಜಿನಿಂದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮೆದುರೇ ಸುಳ್ಳು ಹೇಳಿದೆ, ಅಪವಾದ ನಿಮ್ಮ ತಲೆಗೆ ಬಂದಾಗ ನೀವು ಕೊಟ್ಟ ಚಹಾವನ್ನೇ ಕುಡಿಯುತ್ತ ಕುಳಿತಿದ್ದೆ. ಇಷ್ಟು ವರ್ಷ ಇದನ್ನು ಹೊತ್ತು ತಿರುಗಿ ಸಾಕಾಗಿದೆ. ಸಾಕಾಯಿತೆಂದು ಈಗ ಹೇಳುವುದೂ ನನ್ನ ಸ್ವಾರ್ಥವೇ ಇರಬಹುದು — ಇರಲಿ.

ನಿಮ್ಮ ಗಂಡ ಹನೀಫ್ ಬೆನ್ನು ನೋವು ಕಟ್ಟಿಕೊಂಡು ಗಲ್ಫಿನಿಂದ ಬಂಟ್ವಾಳಕ್ಕೆ ಮರಳಿದ ಮೇಲೆ ಆಸೆಪಟ್ಟು ತಂದ ಪ್ರಾಣಿ ಪಚ್ಚೆ. ಹಸಿರು ಇಗುವಾನಾ. ದೊಡ್ಡ ಜಾತಿಯ ಹಲ್ಲಿ. ಹುಳಹುಪ್ಪಟೆ ಬೇಡ, ಸೊಪ್ಪು ಹೂವು ಸಾಕು. ಹಲ್ಲಿಯೆಂದರೆ ಮೈ ಜುಮ್ಮೆನ್ನುವ ನೀವು ಮೊದಮೊದಲು ಆ ಕೋಣೆಗೇ ಕಾಲಿಡುತ್ತಿರಲಿಲ್ಲ. ಆಮೇಲೆ ನೋಡಿದರೆ ದಿನಾ ಬೆಳಿಗ್ಗೆ ನುಗ್ಗೆಸೊಪ್ಪು ಬಿಡಿಸಿ, ದಾಸವಾಳ ಕೊಯ್ದು, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ತಿನ್ನಿಸುವವರು ನೀವೇ. "ವಸಂತಣ್ಣ, ಇವ ನನ್ನ ಕೈಯಿಂದ ಮಾತ್ರ ತಿನ್ನುದು" ಎಂದು ಒಮ್ಮೆ ಹೇಳಿದ್ದಿರಿ. ಎಷ್ಟು ಜಂಬ ಇತ್ತು ಆ ಮಾತಿನಲ್ಲಿ.

ನಮ್ಮ ಮಳೆಗಾಲದಲ್ಲಿ ಬಿಸಿಲು ಎಲ್ಲಿ? ಬಿಸಿಲಿನಲ್ಲಿರುವ ಯುವಿಬಿ ಎಂಬ ಕಿರಣ ಮೈಗೆ ಬೀಳದಿದ್ದರೆ ಇಂಥ ಪ್ರಾಣಿಗೆ ತಿಂದ ಕ್ಯಾಲ್ಸಿಯಂ ಹತ್ತುವುದಿಲ್ಲ, ಎಲುಬು ಮೆತ್ತಗಾಗುತ್ತದೆ. ಅದಕ್ಕೆಂದೇ ಬೇರೆ ದೀಪಗಳು ಬರುತ್ತವೆ. ಗುಂಡು ಬಲ್ಬೋ ಉದ್ದ ಟ್ಯೂಬೋ, ಮರುಭೂಮಿಯ ಹಲ್ಲಿಗೆ ಬೇಕಾದಷ್ಟು ಜೋರಿನದೋ ಕಾಡಿನ ಹಲ್ಲಿಗೆ ಸಾಕಾಗುವಂಥದ್ದೋ, ಕೊಂಬೆಯಿಂದ ಎಷ್ಟು ಎತ್ತರದಲ್ಲಿ ಇರಬೇಕು — ಹನೀಫ್ ವಾರಗಟ್ಟಲೆ ಫೋನಿನಲ್ಲಿ ಹುಡುಕಿದ. "ಒಂದು ಟ್ಯೂಬ್‌ಲೈಟನ್ನು ಹೆಣ್ಣು ನೋಡಿದ ಹಾಗೆ ನೋಡ್ತೀಯಲ್ಲ ಮಾರಾಯ" ಎಂದು ನಾನು ನಗಾಡಿದ್ದೆ. ಅವನು ಸರಿಯಾದ ಟ್ಯೂಬನ್ನೇ ಆರಿಸಿ ತರಿಸಿದ. ವೈರಿಂಗ್ ಕೆಲಸದವನು, ಹಳೆಯ ಗೆಳೆಯ ಎಂದು ಹಾಕಲು ನನಗೆ ಹೇಳಿದ. "ಕಂಪೆನಿಯವರು ಹೇಳಿದ ಹಾಗೆಯೇ ಹಾಕು. ನಿನ್ನ ತಲೆ ಓಡಿಸ್ಬೇಡ."

ನಾನು ತಲೆ ಓಡಿಸಿದೆ. ಮಳೆ ಶುರುವಾಯಿತೆಂದರೆ ನಮ್ಮಲ್ಲಿ ರೆಕ್ಕೆಹುಳಗಳು ಲೈಟಿಗೆ ಮುತ್ತಿ ಹೋಲ್ಡರಿನೊಳಗೆ ಸತ್ತು ತುಂಬುತ್ತವೆ. ಜಗಲಿಯ ಲೈಟಿಗೂ ಗಾಜು ಮುಚ್ಚಿಯೇ ಕೊಡುವುದು ನನ್ನ ಪದ್ಧತಿ. ಪಚ್ಚೆಯ ಗೂಡಿಗೆ ದಿನಾ ನೀರು ಬೇರೆ ಚಿಮುಕಿಸಬೇಕು. ಶಾಕ್ ಹೊಡೆದರೆ? ಹನೀಫ್ ಮಂಗಳೂರಿಗೆ ಹೋಗಿದ್ದ ದಿನ ಗೂಡಿನ ಮೇಲಿನ ಬಲೆಗೂ ಟ್ಯೂಬಿಗೂ ನಡುವೆ ಒಂದು ಗಾಜು ಸರಿಸಿಟ್ಟೆ. ಎದುರಿಗೆ ಮರದ ಪಟ್ಟಿ ಇದ್ದದ್ದರಿಂದ ಹೊರಗೆ ಕಾಣುತ್ತಿರಲಿಲ್ಲ. ಬೆಳಕು ಚೆನ್ನಾಗಿಯೇ ಬೀಳುತ್ತಿತ್ತು. ಬೆಳಕು ದಾಟುವ ಗಾಜನ್ನು ಆ ಕಿರಣ ದಾಟಲಾರದು ಎಂದು ನನಗೆ ತಿಳಿದಿರಲಿಲ್ಲ. ಅಲ್ಲಿಯ ತನಕ ಅದು ತಪ್ಪು ಮಾತ್ರ —

ಮಳೆಗಾಲ ಮುಗಿಯುವಷ್ಟರಲ್ಲಿ ಪಚ್ಚೆಗೆ ಕೊಂಬೆ ಹತ್ತಲಾಗಲಿಲ್ಲ. ದವಡೆ ಊದಿತು, ಹಿಂಗಾಲು ಬಾಗಿತು. ಹನೀಫ್ ಪ್ರಾಣಿವೈದ್ಯರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟ. ನಾನೂ ಅಲ್ಲಿದ್ದೆ. ಅವರು ಮೊದಲು ಕೇಳಿದ್ದೇ ಅದನ್ನು: "ಟ್ಯೂಬಿಗೂ ಪ್ರಾಣಿಗೂ ಮಧ್ಯೆ ಗಾಜು ಏನಾದರೂ ಉಂಟಾ?"

ಕೇಳಿದ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು. ಹನೀಫ್ ನನ್ನ ಕಡೆ ತಿರುಗಿದ. ನಾನು "ಇಲ್ಲ" ಎಂದೆ.

ಹೆದರಿಕೆಯೋ, ಮರ್ಯಾದೆಯ ಪ್ರಶ್ನೆಯೋ — ಹೆಸರಿಟ್ಟು ಏನು ಪ್ರಯೋಜನ. "ಹಾಗಾದ್ರೆ ಆಹಾರದಲ್ಲೇ ಕಡಿಮೆ ಆಗಿದೆ" ಎಂದರು ವೈದ್ಯರು. ಹನೀಫ್ ಫೋನ್ ಇಟ್ಟು ನಿಮ್ಮನ್ನು ನೋಡಿದ. "ಪುಡಿ ಹಾಕ್ತಿದ್ದೆಯಾ ಇಲ್ವಾ, ಸತ್ಯ ಹೇಳು. ನಿಂಗೆ ಮೊದಲಿಂದ್ಲೂ ಅದನ್ನು ಕಂಡ್ರೆ ಆಗ್ತಿರ್ಲಿಲ್ಲ."

"ದಿನಾ ಹಾಕಿದ್ದೇನೆ" ಎಂದಿರಿ. ಆಮೇಲೆ ಸಣ್ಣ ಸ್ವರದಲ್ಲಿ, "ಕಡಿಮೆ ಆಯ್ತಾ ಏನೋ…"

ಆಗಲಾದರೂ ಬಾಯಿ ಬಿಡಬಹುದಿತ್ತು. ಹೋಲ್ಡರ್ ಸಡಿಲ ಉಂಟು ಎಂದು ನೆಪ ಹೇಳಿ ಮರುದಿನ ಬಂದು ಗಾಜನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ಹೋದೆ. ತಡವಾಗಿತ್ತು; ಪಚ್ಚೆ ಉಳಿಯಲಿಲ್ಲ. ಹನೀಫ್ ಕೆಲವು ಕಾಲ ನಿಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ, ಆ ಬೇಸರವನ್ನೂ ನನ್ನ ಹತ್ತಿರವೇ ತೋಡಿಕೊಂಡ. ನಾನು ಸಮಾಧಾನ ಹೇಳಿದೆ! ನಿಮ್ಮ ಮಗಳು ಗಂಡನ ಮನೆಯಿಂದ ಕೂಸನ್ನು ಕರೆತಂದಾಗ, ಅದಕ್ಕೆ ಗಂಜಿ ಕುಡಿಸಲು ಹೇಳಿದರೆ "ಬೇಡ, ನೀನೇ ಕುಡಿಸು" ಎಂದು ನೀವು ಹಿಂದೆ ಸರಿದದ್ದನ್ನು ಕಂಡೆ. ಬೇರೆಯವರಿಗೆ ಅದು ಏನೂ ಅನ್ನಿಸಿರಲಿಕ್ಕಿಲ್ಲ.

ಮೊನ್ನೆ ಹನೀಫ್ ನಿಮ್ಮನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದ. ಮತ್ತೊಂದು ಇಗುವಾನಾ ಮರಿ ತರುತ್ತಾನಂತೆ, ಹೊಸ ಟ್ಯೂಬ್ ಆರಿಸಿ ಆಗಿದೆಯಂತೆ. "ಈ ಸಲ ತಿನ್ನಿಸುದು ನಾನೇ. ಇವಳು ಬೇಡ" ಎಂದು ನಕ್ಕ. ನೀವೂ ನಕ್ಕಿರಿ. "ಹೌದು ವಸಂತಣ್ಣ, ನನ್ನ ಕೈಗೆ ಅದೆಲ್ಲ ಆಗಿ ಬರುದಿಲ್ಲ."

ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ನಾನು ಇನ್ನೂ ಕೆಲವು ವರ್ಷ ಸುಮ್ಮನಿರುತ್ತಿದ್ದೆನೋ ಏನೋ. ಸಿಟ್ಟಿರಲಿಲ್ಲ. ನೀವು ನಂಬಿಬಿಟ್ಟಿದ್ದೀರಿ.

ಶುಕ್ರವಾರ, ಹನೀಫ್ ನಮಾಜು ಮುಗಿಸಿ ಮನೆಗೆ ಬಂದ ಮೇಲೆ ಬರುತ್ತೇನೆ ಎಂದು ಹೇಳಿದ್ದೇನೆ. ಬಾಯಿಯಿಂದ ಹೊರಡುತ್ತದೋ ಇಲ್ಲವೋ ಎಂದು ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ. ಅವನ ಎದುರಿಗೇ ಹೇಳುತ್ತೇನೆ. ನಿಮ್ಮೊಬ್ಬರಿಗೇ ಗುಟ್ಟಾಗಿ ಹೇಳಿದರೆ ಅದನ್ನೂ ನೀವು ಹೊರಬೇಕಾಗುತ್ತದೆ. ಅವನು ಹೊರಗೆ ಹೋಗು ಎಂದರೆ ಹೋಗುತ್ತೇನೆ. ನೀವು ಕ್ಷಮಿಸಬೇಕೆಂದೂ ಇಲ್ಲ. ಟ್ಯೂಬನ್ನು ಬೇರೆ ಯಾರಿಂದಲಾದರೂ ಹಾಕಿಸಿ. ಆ ಮರಿಗೆ ಸೊಪ್ಪು ಮಾತ್ರ ನೀವೇ ತಿನ್ನಿಸಿ, ಜುಬೈದಕ್ಕ.