ಗಾಡಿಯ ಬೆನ್ನಿಗೆ ಕಟ್ಟಿದ ಎಡಗಾಲಿನ ಬೂಟು

ಹನೂರು ರಸ್ತೆಯಲ್ಲಿ ಬೆಳಗಿನ ಹೊತ್ತು ಓಡಾಡುವವರು ನೀವಾದರೆ, ಬಂಡಳ್ಳಿ ಕಡೆಯ ರೇಷ್ಮೆಗೂಡಿನ ಚೀಲಗಳನ್ನು ಹೇರಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗುವ ನನ್ನ ಗೂಡ್ಸ್ ಗಾಡಿಯನ್ನು ಎಂದಾದರೂ ಕಂಡೇ ಇರುತ್ತೀರಿ. ದೃಷ್ಟಿ ತಾಗದಿರಲೆಂದು ಎಲ್ಲರೂ ಗಾಡಿಯ ಹಿಂದೆ ಹರಿದ ಚಪ್ಪಲಿ ಕಟ್ಟುತ್ತಾರೆ. ನನ್ನದಕ್ಕೆ ಮಾತ್ರ ಅಡಿಯಲ್ಲಿ ಸ್ಟಡ್ಡುಗಳಿರುವ ಫುಟ್‌ಬಾಲ್ ಬೂಟು, ಅದೂ ಎಡಗಾಲಿನದು.

ಆ ಕಾಲಿಗೆ ಒಂದು ಕಾಲದಲ್ಲಿ ಸಂಬಳ ಬರುತ್ತಿತ್ತು ಎಂದರೆ ನಂಬುತ್ತೀರಾ? ಎಂಟನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದು ಯಳಂದೂರಿನ ಬಯಲಲ್ಲಿ ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದ ನನ್ನನ್ನು ಬೆಂಗಳೂರಿನ ಕ್ಲಬ್ಬೊಂದು ಕರೆದುಕೊಂಡಿತು. ಒದೆಯೋಕೂ ಸಂಬಳ ಕೊಡುವುದಾದರೆ ನಮ್ಮ ಕತ್ತೆಯನ್ನೂ ಕರೆದುಕೊಂಡು ಹೋಗು ಎಂದು ಊರು ನಕ್ಕಿತು. ನಾನು ಡಿಫೆಂಡರ್, ತಂಡದ ಹಿಂದುಗಡೆ ನಿಂತು, ಗೋಲಿನತ್ತ ನುಗ್ಗಿ ಬರುವವರನ್ನು ತಡೆಯುವುದೇ ನನ್ನ ಕಾಯಕ. ಗೋಲು ಹೊಡೆದವನ ಹೆಸರು ಪೇಪರಿಗೆ ಹೋಗುತ್ತದೆ. ತಡೆಯುವವನದು, ತಡೆಯಲಾಗದ ದಿನ ಮಾತ್ರ. ಅದಕ್ಕೆ ನನಗೆ ಬೇಸರವಿರಲಿಲ್ಲ. ಮೈಮುರಿದು ದುಡಿದ ಅನ್ನಕ್ಕೆ ಚಪ್ಪಾಳೆಯ ಒಗ್ಗರಣೆ ಬೇಕಿಲ್ಲ. ಆದರೆ ಎಡಮಂಡಿ ಕೈಕೊಟ್ಟು ಈ ಕಡೆಗೇ ಮರಳಿದ ಮೇಲೆ ಒಂದು ಕೊರಗು ಮುಳ್ಳಿನಂತೆ ಉಳಿಯಿತು: ನನ್ನ ಆಟವನ್ನು ನಮ್ಮ ಸೀಮೆಯ ಒಂದು ಕಣ್ಣೂ ನೋಡಿರಲಿಲ್ಲ, ಹೆಂಡತಿ ಮಾದೇವಿಯದೂ.

ಹೋದ ವರ್ಷ ಹಳೆಯ ಜೊತೆಗಾರ ಬಸವರಾಜು ಫೋನು ಮಾಡಿ, ಕೊಳ್ಳೇಗಾಲದಲ್ಲೇ ಹಳಬರ ಪಂದ್ಯ ಇಟ್ಟಿದ್ದೇವೆ, ನೀನಿಲ್ಲದೆ ಹೇಗೆ ಎಂದ. ಮಂಡಿ ಇನ್ನೊಮ್ಮೆ ತಿರುಚಿದರೆ ನಡೆಯುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು, ಆದರೂ ಒಪ್ಪಿಕೊಂಡೆ. ಪಂದ್ಯದ ಬೆಳಿಗ್ಗೆ ಅಟ್ಟದಿಂದ ಪೆಟ್ಟಿಗೆ ಇಳಿಸಿದರೆ ಒಳಗೆ ಬಲಗಾಲಿನದು ಒಂಟಿಯಾಗಿ ಮಲಗಿತ್ತು. ಎಡಗಾಲಿನದನ್ನು ಮಾದೇವಿ ರಾತ್ರಿಯೇ ಗಾಡಿಯ ಹಿಂದೆ ಕಟ್ಟಿಬಿಟ್ಟಿದ್ದಳು, ಅದು ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ತೂಗುತ್ತಿತ್ತು. ಅನ್ನ ಕೊಟ್ಟ ಬೂಟನ್ನು ಹರಕು ಚಪ್ಪಲಿಗೆ ಸಮ ಮಾಡಿದಳಲ್ಲ ಎಂದು ಮೈಯೆಲ್ಲ ಉರಿಯಿತು.

ಮಾದೇವಿ ದನಿ ಏರಿಸಲಿಲ್ಲ. "ಬರೋ ಕಣ್ಣ ತಡೀಲಿ ಅಂತ ಕಟ್ಟಿವ್ನಿ. ಆಡಕ್ಕೋಗಿ ಮಂಡಿ ಮುರ್ಕಂಡ್ರೆ, ನಾಳೆ ಕ್ಲಚ್ಚು ತುಳಿಯಕೆ ನಾನ್ ಬರ್ಲಾ?" ಎಂದಳು.

ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚತೊಡಗಿದೆ. ಎಮ್ಮೆ ಕಟ್ಟಿ ಪಳಗಿದ ಕೈಯ ಗಂಟು, ಉಗುರಿಗೆ ಜಗ್ಗಲಿಲ್ಲ. ಹಾಗೆ ಎಳೆಯುತ್ತ ಎಳೆಯುತ್ತ, ಅವಳಂದ "ತಡೀಲಿ" ಎಂಬ ಮಾತು ಎದೆಯೊಳಗೆ ನಿಧಾನ ಇಳಿಯಿತು. ಹಿಂದುಗಡೆ ನಿಂತು, ಬರುವುದನ್ನು ತಡೆಯುವುದು. ಈ ಬೂಟು ಮೈದಾನದಲ್ಲಿ ಅಷ್ಟು ವರ್ಷ ಮಾಡಿದ್ದಾದರೂ ಮತ್ತೇನು? ಕುಂಟುವ ನನಗೆ ನಿವೃತ್ತಿಯಾಗಿತ್ತು, ಅದಕ್ಕಾಗಿರಲಿಲ್ಲ. ಆಡುತ್ತಿರುವವನನ್ನು ಮೈದಾನದಿಂದ ಹೊರಗೆ ಕರೆಯಲು ನಾನು ಯಾರು?

ಚಪ್ಪಲಿ ಮೆಟ್ಟಿ, ಮಾದೇವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಡಿಯನ್ನೇ ಮೈದಾನಕ್ಕೆ ಓಡಿಸಿದೆ. ಬಸವರಾಜು ಹಿಂದೆ ಬಂದು ನೋಡಿ ನಕ್ಕ. "ಏನ್ಲಾ, ಬೂಟ್ನ ಮೆರವಣಿಗೆ ಮಾಡ್ತಿದ್ದೀಯಾ? ಆಡಲ್ವಾ?"

"ಆಡ್ತಾ ಅದೆ ಕಣ್ಲಾ, ಹಿಂದ್ಗಡೆ. ನನ್ ಜಾಗ ಅದೇ ತಾನೆ."

ಅವನು ಆ ಬೂಟನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಇದು ಯಾರದೆಂದು ಜನ ಸುತ್ತ ಸೇರಿದರು. ಬಸವರಾಜು ನನ್ನ ಹಳೆಯ ಆಟಗಳನ್ನು ಒಂದೊಂದಾಗಿ ಹೇಳುತ್ತ ಹೋದ, ಮಾದೇವಿ ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತ ನಿಂತಳು.

ಈಗ ಭಾನುವಾರ ಬಂತೆಂದರೆ ಆ ಬೂಟಿಗೆ ಪಾಲಿಶ್ ತಿಕ್ಕುತ್ತೇನೆ. ದೃಷ್ಟಿಗೆ ಕಟ್ಟಿದ್ದು ಹೊಳೆದರೆ ಊರ ಕಣ್ಣೆಲ್ಲ ಅದರ ಮೇಲೇ ಬೀಳುತ್ತದೆ ಎಂದು ಮಾದೇವಿ ಬೈಯುತ್ತಾಳೆ. ಬೀಳಲಿ ಬಿಡೇ ಎಂದು ಇನ್ನಷ್ಟು ತಿಕ್ಕುತ್ತೇನೆ.