ಹೇಮಾವತಿ ಒಲ್ಲೆಂದ ಗಾಡಿ

ಕುಷ್ಟಗಿಯಲ್ಲಿ ರೊಟ್ಟಿ ಹೇಮಕ್ಕನ ಮನೆ ಯಾವುದೆಂದು ಕೇಳಿದರೆ ಬಸ್‌ಸ್ಟ್ಯಾಂಡಿನ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ತೋರಿಸದಿದ್ದರೂ ನಡೆಯುತ್ತದೆ, ಓಣಿಯ ಬಾಯಿಗೆ ಬಂದರೆ ರೊಟ್ಟಿ ಬಡಿಯುವ ಸಪ್ಪಳವೇ ಕರೆದುಕೊಂಡು ಹೋಗುತ್ತದೆ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಅಲ್ಲಿ ಕೆಲಸ ಮಾಡುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ. ಗಿಣಿಗೇರಾದ ಕಾರ್ಖಾನೆಗಳ ಕ್ಯಾಂಟೀನಿಗೆ, ಕೊಪ್ಪಳದ ಖಾನಾವಳಿಗಳಿಗೆ, ಮದುವೆ ದಿನಗಳಲ್ಲಿ ಯಲಬುರ್ಗಾ, ಕುಕನೂರಿನ ಕಲ್ಯಾಣಮಂಟಪಗಳಿಗೆ ಅವಳ ಬುಟ್ಟಿಗಳು ಹೋಗುತ್ತವೆ.

ಹೇಮಾವತಿಗೆ ಎಡಗಾಲು ಬಲವಿಲ್ಲ. ನಡೆಯಲು ಕಲಿತ ವರ್ಷವೇ ಪೋಲಿಯೊ ಬಂತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು, ಒಂದು ಕೋಲು ಹಿಡಿದು ನಡೆಯುತ್ತಾಳೆ. ಈಗ ವಯಸ್ಸು ನಲವತ್ತರ ಆಚೆ. ಚಿಕ್ಕವಳಿದ್ದಾಗ ಮನೆಯಲ್ಲಿ ಯಾವ ಅಂಗಿ ಹರಿದರೂ, ಯಾವ ಚೀಲದ ಪಟ್ಟಿ ಕಿತ್ತರೂ ಅವಳ ಪಾಲಿಗೆ ಬರುತ್ತಿತ್ತು. "ಅಕಿಗೆ ನಡೀತೈತಿ ಬಿಡು, ಅಕಿ ಎಲ್ಲಿ ಹೋಗಾಕೈತಿ?" ಎನ್ನುತ್ತಿದ್ದರು. ಅವಳಿಗೆ ಇಪ್ಪತ್ತೆರಡಾದಾಗ ದೂರದ ಸಂಬಂಧಿಕರೊಬ್ಬರು ಒಂದು ವರ ತಂದರು. ವರನಿಗೆ ಐವತ್ತು ದಾಟಿತ್ತು, ಮೊದಲನೆಯ ಹೆಂಡತಿ ತೀರಿಕೊಂಡಿದ್ದಳು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. "ಈ ಹುಡುಗಿಗೆ ಇದಕ್ಕಿಂತ ಛಲೋ ಯಾರು ಸಿಗತಾರ?" ಎಂದರು ಆ ಸಂಬಂಧಿಕರು. ಹೇಮಾವತಿ ಪಡಸಾಲೆಯಲ್ಲಿ ಎಲ್ಲರ ಮುಂದೆ ಬಂದು ನಿಂತು, "ನಾ ಒಲ್ಲೆ. ಅವರ ತಾಯಿನ್ನ ನೋಡ್ಕೊಳ್ಳಾಕ ಆಳ್ ಬೇಕಂದ್ರ ಪಗಾರ ಕೊಟ್ಟು ಇಟ್ಕೊಳ್ಳಿ" ಎಂದಳು. ಆಮೇಲೆ ವರ ತರುವವರು ಕಡಿಮೆಯಾದರು. ಅವಳು ತಾಯಿ ಕಳಕಮ್ಮನ ಜೊತೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಮೊದಲು ಇಬ್ಬರೇ ಇದ್ದರು.

ಅವಳಿಗೆ ದೊಡ್ಡ ಗಾಡಿ ಬೇಕೆನಿಸಿದ್ದು ಒಂದು ಮದುವೆಯ ಅಡುಗೆ ಮುಗಿಸಿ ಕುಕನೂರಿನಿಂದ ಬರುವಾಗ. ಬಾಡಿಗೆಯ ಸಾಮಾನು ಗಾಡಿಯ ಹಿಂದೆ ಪಾತ್ರೆಗಳ ನಡುವೆ ಅವಳ ಹೆಣ್ಣುಮಕ್ಕಳು ನಿಂತಿದ್ದರು. ರಸ್ತೆಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು, "ಕುರಿ ಸಂತಿಗೆ ಹೊಂಟಾವ ನೋಡಲೇ" ಎಂದು ಕೂಗಿ ಮುಂದೆ ಹೋದರು. ಡ್ರೈವರ್ ನಕ್ಕ. ಹೇಮಾವತಿ ಆ ಡ್ರೈವರನಿಗೆ ಮತ್ತೆ ಬಾಡಿಗೆ ಹೇಳಲಿಲ್ಲ.

ಕೊಪ್ಪಳದಲ್ಲಿ ಶ್ವೇತಾ ಎಂಬ ಹಲ್ಲಿನ ಡಾಕ್ಟರ್ ಇದ್ದರು, ಪ್ರತಿ ವಾರ ರೊಟ್ಟಿ ತರಿಸುವವರು. ಅವರ ಸಣ್ಣ ಕಾರಿಗೆ ಕ್ಲಚ್ ಇರಲಿಲ್ಲ. ಆಟೋಮ್ಯಾಟಿಕ್ ಗಾಡಿಗೆ ಬಲಗಾಲು ಒಂದೇ ಸಾಕೆಂದು ತೋರಿಸಿದವರೂ, ಭಾನುವಾರ ಖಾಲಿ ಮೈದಾನದಲ್ಲಿ ಪಕ್ಕಕ್ಕೆ ಕುಳಿತು ಕಲಿಸಿದವರೂ ಅವರೇ. ಡಾಕ್ಟರ ಸರ್ಟಿಫಿಕೇಟು, ಟ್ರಯಲ್ಲು ಎಲ್ಲ ಮುಗಿದು ಲೈಸೆನ್ಸ್ ಬಂತು. "ಇನ್ನ ಒಂದು ಸಣ್ಣ ಕಾರು ತಗೋ" ಎಂದು ಓಣಿಯವರೆಲ್ಲ ಹೇಳಿದರು.

"ಏಳು ಮಂದಿ ಕುಂದ್ರೂ ಗಾಡಿ ಬೇಕು" ಎಂದಳು ಹೇಮಾವತಿ.

"ಹಂಗಾರ ಸಾಮಾನ್ ಗಾಡಿ ತಗೋ, ಡ್ರೈವರ್ ಇಟ್ಕೋ."

"ನನ್ನ ಹೆಣ್ಮಕ್ಕಳು ಸಾಮಾನಲ್ಲ."

ಅವಳ ಮನಸ್ಸಿನಲ್ಲಿದ್ದುದು ಶಾಸಕರು, ಗುತ್ತಿಗೆದಾರರು ಓಡಾಡುವಂಥ ಎತ್ತರದ ಗಾಡಿ. ಚರ್ಮದ ಸೀಟು, ಮೇಲೆ ಗಾಜಿನ ಛತ್ತು. ಹೊಸದು ಕನಸಿನ ಮಾತು, ಹಳೆಯದಾದರೆ ಕೈಗೆಟುಕುತ್ತದೆ. ಕಳಕಮ್ಮ, "ಮಂದಿ ನಗತಾರ ಯವ್ವಾ" ಎಂದಳು.

"ನಗಲಿ. ನಕ್ಕು ನಕ್ಕು ಹಸಿವಾದ ಮ್ಯಾಲ ರೊಟ್ಟಿಗೆ ಇಲ್ಲಿಗೇ ಬರತಾರ."

ಅಕ್ಬರ ಎಂಬ ಗ್ಯಾರೇಜಿನ ಹುಡುಗ, ಹುಡುಗನೆಂದರೆ ಮೂವತ್ತು ದಾಟಿದವನು, ಎರಡೂ ಪಕ್ಕಕ್ಕೆ ಚಕ್ರ ಹಚ್ಚಿದ ಅವಳ ಸ್ಕೂಟರ್ ನೋಡಿಕೊಳ್ಳುತ್ತಿದ್ದ. ಅವನೇ ಒಂದು ದಿನ ಫೋನಿನಲ್ಲಿ ಫೋಟೊ ತೋರಿಸಿದ. ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕ ಶರಣಕುಮಾರ ತನ್ನ ಗಾಡಿ ಮಾರಲಿಕ್ಕಿಟ್ಟಿದ್ದ. ಕಪ್ಪು ಬಣ್ಣದ ಏಳು ಸೀಟಿನ ಆಟೋಮ್ಯಾಟಿಕ್. ಹೇಮಾವತಿ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ನಾವು ಬರೂತನ ಗಾಡಿ ಚಾಲೂ ಮಾಡಬ್ಯಾಡ್ರಿ. ತಣ್ಣಗಿರಲಿ." ತಣ್ಣಗಿದ್ದ ಇಂಜಿನ್ ಎದ್ದೇಳುವಾಗಲೇ ಅದರ ರೋಗ ತಿಳಿಯುತ್ತದೆ ಎಂದು ಅಕ್ಬರ ಹೇಳಿಕೊಟ್ಟಿದ್ದ.

ಇಬ್ಬರೂ ಬಸ್ಸಿಗೆ ಹೋದರು. ತಾವರಗೇರಾ, ಕನಕಗಿರಿ ದಾಟಿ ಗಂಗಾವತಿ ಹತ್ತಿರವಾದಂತೆ ಒಣ ಹೊಲಗಳು ಮುಗಿದು ಕಾಲುವೆಯ ಭತ್ತದ ಗದ್ದೆಗಳು ಶುರುವಾದವು. ಗಿರಣಿಯ ಅಂಗಳದಲ್ಲಿ ಗಾಡಿ ತೊಳೆದು ಒರೆಸಿ ನಿಲ್ಲಿಸಿದ್ದರು. ಹೇಮಾವತಿ ಅದನ್ನು ನೋಡಿದ ಗಳಿಗೆಯೇ ಸೋತಳು. ಆ ಮಾತು ಅವಳು ಆಮೇಲೆ ತಾನೇ ಹೇಳಿದ್ದಾಳೆ. ಆದರೆ ಮುಖದ ಮೇಲೆ ತೋರಿಸಲಿಲ್ಲ.

ಶರಣಕುಮಾರ ಹೊರಗೆ ಬಂದವನು ನೇರವಾಗಿ ಅಕ್ಬರನ ಕೈ ಹಿಡಿದ. "ಬರ್ರಿ ಬರ್ರಿ. ನಮ್ಮ ಮನಿ ಮಂದಿಯಷ್ಟ ಓಡ್ಸೀವಿ ನೋಡ್ರಿ. ನಿಮಗ ಎಲ್ಲಿ ಮನಿ? ಏನ ಉದ್ಯೋಗ?"

"ಗಾಡಿ ತಗೊಳ್ಳಾಕಿ ನಾನ್ರಿ ಸಾವ್ಕಾರ್ರ" ಎಂದಳು ಹೇಮಾವತಿ. "ನನ್ನ ಕೂಡ ಮಾತಾಡ್ರಿ."

ಅವನು ಅವಳ ಕೋಲನ್ನು ನೋಡಿದ, ಬೂಟನ್ನು ನೋಡಿದ, ನಕ್ಕು, "ಆತು ತಂಗಿ, ನೋಡು" ಎಂದ.

ಅಕ್ಬರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಅವಳ ಕಡೆ ತಿರುಗಿದ. ಬೆಚ್ಚಗಿತ್ತು.

"ತೊಳ್ಯಾಕ ಈ ಕಡಿ ತಂದಿದ್ವಿ, ಅಷ್ಟ" ಎಂದ ಶರಣಕುಮಾರ.

"ಅಡ್ಡಿ ಇಲ್ರಿ, ಆರೂತನ ಕುಂದರತೀವಿ."

"ಅಯ್ಯ, ಅದು ಆರಾಕ ಮಧ್ಯಾಹ್ನ ಆಗತೈತಿ."

"ಆಗಲಿ. ನಮ್ಮ ಬುತ್ತಿ ನಾವ ಕಟ್ಕೊಂಡ ಬಂದೀವಿ."

ಹೊಟ್ಟಿನ ರಾಶಿಯ ಪಕ್ಕದ ಬೇವಿನ ನೆರಳಿಗೆ ಹೋಗಿ ಇಬ್ಬರೂ ಕುಳಿತರು. ಗಿರಣಿಯ ಹಮಾಲರು ಬಂದು ಮಾತಾಡಿಸಿದರು, ಬುತ್ತಿಯ ರೊಟ್ಟಿ ತಿಂದು ಹೊಗಳಿದರು. ಶರಣಕುಮಾರ ಎರಡು ಸಲ ಹೊರಗೆ ಬಂದು, "ಇನ್ನ ನೋಡ್ರಿ, ಆರೈತಿ" ಎಂದ. ಎರಡು ಸಲವೂ ಹೇಮಾವತಿ, "ಇನ್ನೊಂದೀಟು ಆರಲಿ" ಎಂದಳು. ಬಾನೆಟ್ ಪೂರ್ತಿ ತಣ್ಣಗಾದ ಮೇಲೆಯೇ ಎದ್ದಳು. ಅಕ್ಬರ ಕೀಲಿ ತಿರುಗಿಸಿದ, ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಹೊಗೆ ಇಲ್ಲ, ಕಟಕಟ ಇಲ್ಲ. ಅಕ್ಬರ ಗಾಡಿಯ ಕೆಳಗೆ ನುಗ್ಗಿ ನೋಡಿ ಬಂದ. ಎಣ್ಣೆ ಸೋರುತ್ತಿರಲಿಲ್ಲ.

ಇನ್ನು ಅವಳು ಹತ್ತಬೇಕು. ಗಾಡಿ ಎತ್ತರ. ಶರಣಕುಮಾರ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿದ. "ದಿನಾ ಹತ್ತೂಮುಂದ ಕುರ್ಚಿ ಎಲ್ಲಿಂದ ತರ್ಲಿ, ಬ್ಯಾಡ್ರಿ" ಎಂದು ಅವಳು ಬಾಗಿಲ ಹಿಡಿಕೆ ಹಿಡಿದು ಬಲಗಾಲು ಮೇಲಿಟ್ಟಳು. ಎಡಗಾಲು ಕೆಳಗೇ ಉಳಿದು, ಬೂಟು ಪಾವಟಿಗೆಗೆ ತಾಗಿ ಜಾರಿ, ನೆಲಕ್ಕೆ ಬಿದ್ದಳು. ಹಮಾಲರು ಓಡಿ ಬಂದರು. "ಯಾರೂ ಮುಟ್ಟಬ್ಯಾಡ್ರಿ" ಎಂದಳು. ಮಣ್ಣು ಝಾಡಿಸಿಕೊಂಡು ಎದ್ದು, ಈ ಸಲ ಗಾಡಿಗೆ ಬೆನ್ನು ಮಾಡಿ ನಿಂತಳು. ಸೀಟಿನ ಅಂಚು ಹಿಡಿದು ಹಿಂದಕ್ಕೆ ಎಗರಿ ಕುಳಿತಳು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಇಳಿದಳು. ಮತ್ತೊಮ್ಮೆ ಅದೇ ರೀತಿ ಹತ್ತಿದಳು. ಆಮೇಲೆ ಕೀಲಿಗೆ ಕೈ ಚಾಚಿದಳು.

"ಅಕ್ಬರಪ್ಪ ಓಡಿಸ್ಲಿ ತಂಗಿ. ನೀ ಪಕ್ಕಕ್ಕ ಕುಂತು ನೋಡು" ಎಂದ ಶರಣಕುಮಾರ.

"ನಾ ಓಡಿಸಲಾರದ್ದನ್ನ ನಾ ಕೊಳ್ಳಂಗಿಲ್ರಿ." ಲೈಸೆನ್ಸ್ ತೆಗೆದು ಹಿಡಿದಳು. "ಹೆದರಿಕಿ ಆದ್ರ ನೀವು ಇಲ್ಲೇ ಇರ್ರಿ."

ಹಮಾಲರು ನೋಡುತ್ತಿದ್ದರು. ಇಲ್ಲೇ ಇರುತ್ತೇನೆ ಎನ್ನುವುದು ಅವನಿಂದ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅವಳು ಆನೆಗೊಂದಿ ರಸ್ತೆಗೆ ಗಾಡಿ ತಿರುಗಿಸಿದಳು. ಒಂದು ಕಡೆ ಗದ್ದೆ, ಒಂದು ಕಡೆ ಬಂಡೆಗಲ್ಲಿನ ಗುಡ್ಡ. ಭತ್ತದ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಹೋದಳು, ಖಾಲಿ ರಸ್ತೆ ಸಿಕ್ಕಲ್ಲಿ ಒತ್ತಿದಳು, ಬ್ರೇಕು ಹಾಕಿ ಗಾಡಿ ಯಾವ ಕಡೆ ಎಳೆಯುತ್ತದೆ ನೋಡಿದಳು, ಬೇಕೆಂದೇ ಗುಂಡಿಯಲ್ಲಿ ಇಳಿಸಿದಳು. ಎದುರಿಗೆ ಬಂದ ಬಸ್ಸಿನ ಡ್ರೈವರನ ಕಣ್ಣು ಅವಳ ಕಣ್ಣಿನ ಸಮಕ್ಕೆ ಬಂತು. ಸಣ್ಣವಳಿದ್ದಾಗಿನಿಂದ ಕೋಲಿನ ಮೇಲೆ ಬಾಗಿ, ಕತ್ತೆತ್ತಿಯೇ ಮಂದಿಯ ಮುಖ ನೋಡಿದವಳಿಗೆ ಅದು ಎಂಥ ಸುಖವೆಂದು ಬೇರೆಯವರಿಗೆ ತಿಳಿಯುವುದು ಕಷ್ಟ. ಅಂಗಳಕ್ಕೆ ಮರಳಿದಾಗ ಶರಣಕುಮಾರನೇ, "ಛಲೋ ಓಡಸ್ತಿ ಬಿಡು ತಂಗಿ" ಎಂದ. ಅದು ಮನಸ್ಸಿನಿಂದಲೇ ಬಂದ ಮಾತು.

"ಹಿಂದಿನ ಸೀಟು ನೋಡ್ತೀನ್ರಿ" ಎಂದಳು ಅವಳು.

"ಅಲ್ಲೇನೈತಿ? ಸಣ್ಣ ಮಕ್ಕಳು ಕುಂದ್ರೂ ಜಾಗ."

"ಅಲ್ಲಿ ಕುಂದ್ರಾವರು ನನ್ನ ಮಂದಿ."

ಕೊನೆಯ ಸಾಲಿಗೆ ತೆವಳಿ ಹೋಗಿ ಕುಳಿತಳು. ಮೊಣಕಾಲಿಗೆ ಜಾಗವಿದೆಯೇ ನೋಡಿದಳು. ಬೆಲ್ಟು ದಪ್ಪ ಮೈಯವರಿಗೂ ಸಾಲುತ್ತದೆಯೇ ಎಂದು ಪೂರ್ತಿ ಎಳೆದಳು. ಮೇಲೆ ಕರ್ರಗಿದ್ದ ಪಟ್ಟಿ ಕೊನೆಕೊನೆಗೆ ಕಂದು ಬಣ್ಣಕ್ಕೆ ತಿರುಗಿತ್ತು. ತಿಕ್ಕಿದರೆ ಬೆರಳಿಗೆ ನುಣ್ಣನೆಯ ಒಣ ರಾಡಿ ಹತ್ತಿತು. ಇನ್ನೊಂದು ಪಟ್ಟಿ ಎಳೆದಳು. ಅದೂ ಹಾಗೆಯೇ. ಅಕ್ಬರನನ್ನು ಕರೆದಳು. ಅವನು ಸೀಟಿನ ಕೆಳಗಿನ ಹಾಸು ಎತ್ತಿದ. ಅಡಿಯಲ್ಲಿ ಅದೇ ರಾಡಿ ಪದರವಾಗಿ ಒಣಗಿತ್ತು, ಬೋಲ್ಟುಗಳಿಗೆ ತುಕ್ಕು.

"ಇದು ನೀರಾಗ ಮುಳುಗಿದ ಗಾಡಿ ಯಕ್ಕಾ" ಎಂದ ಅಕ್ಬರ.

ಶರಣಕುಮಾರ ಮೊದಲು ಮಳೆ ಎಂದ, ಆಮೇಲೆ ತೊಳೆದ ನೀರು ಎಂದ. ಹೇಮಾವತಿ ರಾಡಿ ಹತ್ತಿದ ಬೆರಳನ್ನು ತೋರಿಸುತ್ತ ಕುಳಿತಳು. ಕೊನೆಗೆ ಅವನೇ ದನಿ ಇಳಿಸಿ ಹೇಳಿದ: "ನಮ್ಮ ತಮ್ಮ ಒಮ್ಮೆ ಕಾಲುವಿಗೆ ಇಳಿಸಿದ್ದ. ಎಲ್ಲಾ ಛಲೋ ಮಾಡಿಸೀನಿ. ಈಗ ಓಡಿಸೀಯಲ್ಲ, ಏನರ ಕಂಡತೇನು?" ಕೇಳದೆಯೇ ರೇಟು ಇಳಿಸಿದ. ಸ್ವಲ್ಪ ಅಲ್ಲ, ಅಕ್ಬರ ಕಣ್ಣು ಅಗಲಿಸುವಷ್ಟು.

ಅಕ್ಬರ ಅವಳ ಕಿವಿಯ ಹತ್ತಿರ, "ಯಕ್ಕಾ, ಇಂಜಿನ್ ಗಟ್ಟಿ ಐತಿ. ವೈರಿಂಗ್ ಕೈ ಕೊಟ್ರ ನಾ ಅದೀನಿ" ಎಂದ.

ಸ್ಟೇರಿಂಗಿನ ಚರ್ಮ ಇನ್ನೂ ಅಂಗೈಯಲ್ಲಿ ಇದ್ದಂತೆ ಹೇಮಾವತಿಗೆ ಅನಿಸುತ್ತಿತ್ತು. ಹೌದೆಂದು ಹೇಳಲು ತುಟಿ ಬಿಚ್ಚಿದ್ದಳು ಕೂಡ.

ಅಷ್ಟರಲ್ಲಿ ಶರಣಕುಮಾರ, "ವಿಚಾರ ಮಾಡು ತಂಗಿ. ನಿಮ್ಮಂಥೋರಿಗೆ ಇದಕ್ಕಿಂತ ಛಲೋ ಎಲ್ಲಿ ಸಿಗತೈತಿ?" ಎಂದ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ವ್ಯಾಪಾರದ ಮಾತು. ಹೇಮಾವತಿ ಸೀಟಿನಿಂದ ಸರಿದು, ಬಾಗಿಲ ಹತ್ತಿರ ಬಂದು, ಕಾಲನ್ನು ಕೈಯಿಂದ ಹೊರಗಿಟ್ಟು ಇಳಿದಳು.

"ಸಾವ್ಕಾರ್ರ, ಮಂದಿ ಒಲ್ಲೆಂದದ್ದೆಲ್ಲಾ ನನಗ ನಡೀತೈತಿ ಅಂತ ಸಣ್ಣಾಕಿದ್ದಾಗಿಂದ ಕೊಡ್ತಾ ಬಂದಾರ. ನಾ ತಗೊಳ್ಳೂದು ಬಿಟ್ಟು ಭಾಳ ವರ್ಷ ಆತು. ಮುಂಜಾನಿ ಬಂದ ಕೂಡ್ಲೇ ಕಾಲುವಿ ಸುದ್ದಿ ಹೇಳಿದ್ರ ಕುಂತು ಮಾತಾಡತಿದ್ದೆ. ಈಗ ಪುಗಸೆಟ್ಟೆ ಕೊಟ್ರೂ ಒಲ್ಲೆ."

ಅವನ ಮುಖ ಕೆಂಪಾಯಿತು. "ಇಷ್ಟು ಸೊಕ್ಕಿರಬಾರದವಾ."

"ಸೊಕ್ಕಿದ್ದೋರೇ ಅಲ್ಲೇನ್ರಿ ಇಂಥಾ ಗಾಡಿ ತಗೊಳ್ಳೋದು?"

ಹಮಾಲರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಕೋಲು ಊರುತ್ತ ಗೇಟಿನ ಕಡೆ ನಡೆದಳು.

ಮರಳುವ ಬಸ್ಸು ಕನಕಗಿರಿ ದಾಟಿದ ಮೇಲೆ ಅವಳು, "ಭಾಳ ಛಂದ ಓಡತಿತ್ತಲ್ಲೋ" ಎಂದಳು. ಅವಳ ಕಣ್ಣು ತುಂಬಿತ್ತು. ಅಕ್ಬರ ಕಿಟಕಿಯ ಹೊರಗೆ ನೋಡಿದ.

ಆ ವರ್ಷ ಅವರು ಇನ್ನೂ ಕೆಲವು ಗಾಡಿ ನೋಡಿದರು. ಒಂದರ ಗೇರು ಒದೆಯುತ್ತಿತ್ತು, ಇನ್ನೊಂದರ ಮಾಲೀಕ ಕಾಗದಪತ್ರದ ಮಾತು ಎತ್ತಿದರೆ ಚಹಾ ತರಿಸುತ್ತಿದ್ದ. ಓಣಿಯವರು, "ರಾಣಿಗೆ ಇನ್ನೂ ರಥ ಸಿಕ್ಕಿಲ್ಲೇನು?" ಎಂದು ಚೇಷ್ಟೆ ಮಾಡಿದರು. "ಸಿಕ್ಕ ಮ್ಯಾಲ ಓಣಿ ಅಗಲ ಮಾಡಿಸ್ರಿ" ಎಂದಳು.

ಕೊನೆಗೆ ಸಿಕ್ಕಿದ್ದು ಯಲಬುರ್ಗಾದಲ್ಲಿ. ಓಬಳೆಪ್ಪ ಎಂಬ ನಿವೃತ್ತ ಗುತ್ತಿಗೆದಾರರ ಬೂದು ಬಣ್ಣದ ಗಾಡಿ, ಇದೂ ಏಳು ಸೀಟಿನ ಆಟೋಮ್ಯಾಟಿಕ್. ಗಂಗಾವತಿಯದಕ್ಕಿಂತ ಹಳೆಯದು, ಬಿಸಿಲಿಗೆ ಬಾನೆಟ್ಟಿನ ಬಣ್ಣ ಹಾರಿತ್ತು, ಬಾಗಿಲ ಮೇಲೆ ಜಾಲಿ ಮುಳ್ಳಿನ ಉದ್ದನೆಯ ಗೀರು. ಮುದುಕರು ಮೊದಲೇ, "ಏಸಿ ಸಪ್ಪಳ ಮಾಡತೈತ್ರಿ. ಹಿಂದಿನ ಕಿಟಕಿ ಒಂದು ಇಳ್ಯಂಗಿಲ್ಲ. ಉಳಿದದ್ದು ನೀವ ನೋಡ್ಕೊಳ್ರಿ" ಎಂದು ಕೀಲಿಯನ್ನು ಅವಳ ಕೈಗೆ ಕೊಟ್ಟರು. ಇಷ್ಟು ಒಳ್ಳೆಯತನ ಕಂಡು ಅವಳಿಗೆ ಅನುಮಾನವೇ ಹೆಚ್ಚಾಯಿತು. ಪ್ರತಿ ಬೆಲ್ಟು ಎಳೆದಳು, ಪ್ರತಿ ಹಾಸು ಎತ್ತಿಸಿದಳು, ಕುಕನೂರಿನವರೆಗೆ ಓಡಿಸಿಕೊಂಡು ಹೋಗಿ ಬಂದಳು. ಓಬಳೆಪ್ಪ ಕಟ್ಟೆಯ ಮೇಲೆ ಎಲೆಅಡಿಕೆ ಹಾಕುತ್ತ ಕುಳಿತಿದ್ದರು. ಮುದುಕರು ಹೇಳಿದ್ದಕ್ಕಿಂತ ಹೆಚ್ಚಿನ ದೋಷ ಸಿಗಲಿಲ್ಲ. ಕೊಂಡಳು.

ಗಾಡಿ ಡೀಸೆಲ್ ಕುಡಿಯುತ್ತದೆ. ಬಿಡಿಭಾಗಗಳು ಹುಬ್ಬಳ್ಳಿಯಿಂದ ಬರಬೇಕು, ಬಂದಾಗಲೆಲ್ಲ ಅಕ್ಬರ ತಲೆ ಕೆರೆದುಕೊಳ್ಳುತ್ತಾನೆ. ಅವಳು ಒಮ್ಮೆಯೂ ಯಾಕಾದರೂ ತಗೊಂಡೆನೋ ಎಂದಿಲ್ಲ.

ಹೋದ ವೈಶಾಖದಲ್ಲಿ ಕೊಪ್ಪಳದ ಒಂದು ದೊಡ್ಡ ಮದುವೆಗೆ ಹೋಳಿಗೆ ಒಯ್ದಿದ್ದಳು. ಗಾಡಿ ಬಂದದ್ದು ನೋಡಿ ಮದುಮಗಳ ಚಿಕ್ಕಪ್ಪ ಓಡಿ ಬಂದು, ಕೈ ಬೀಸಿ, ಚಪ್ಪರದ ಬಾಯಿಗೇ ನಿಲ್ಲಿಸಿಕೊಂಡರು. ಬಾಗಿಲು ತೆರೆದು ಬುಟ್ಟಿ ಹಿಡಿದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಇಳಿದರು. ಕೊನೆಗೆ ಸ್ಟೇರಿಂಗಿನ ಬಾಗಿಲಿನಿಂದ ಮೊದಲು ಕೋಲು, ಆಮೇಲೆ ಹೇಮಾವತಿ.

"ಅಡಿಗಿಯವರೇನು? ಗಾಡಿ ಹಿಂದಕ್ಕ ಒಯ್ರಿ. ಇಲ್ಲಿ ದೊಡ್ಡ ಮಂದಿ ಬರೂದೈತಿ" ಎಂದರು ಚಿಕ್ಕಪ್ಪ.

"ಬಂದಾರಲ್ರಿ" ಎಂದು ಅವಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೋಳಿಗಿ ಬಿಸಿ ಅದಾವ. ಬುಟ್ಟಿ ಹಿಡ್ಯಾಕ ಇಬ್ಬರನ್ನ ಕಳಸ್ರಿ."