ಗುಂಪು ಕೇಳದ ನಿಂಗರಾಜು

ವಿದ್ಯೆಯ ಹಾದಿಯಲ್ಲಿ ನಡೆಯುವವನಿಗೆ ಅಸೂಯೆಗಿಂತ ದೊಡ್ಡ ಶತ್ರುವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಾರೂ ನಿಂಗರಾಜುವಿನ ಜೊತೆ ಕೆಲಸ ಮಾಡಿದವರಲ್ಲ.

ಸಾಲಗಾಮೆ ಕಡೆಯ ಈ ಮನುಷ್ಯ ಹಾಸನದ ನಮ್ಮ ಆಸ್ಪತ್ರೆಯ ಸ್ಕ್ಯಾನಿಂಗ್ ಟೆಕ್ನೀಶಿಯನ್. ಕಂಪ್ಯೂಟರಿನ ಮುಂದೆ ಕೂರುವ ಮೊದಲು, ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ಒಂದು ತುಂಡು ಕತ್ತರಿಸಿ, ಪರದೆಯಲ್ಲಿ ರೋಗಿಯ ಹೆಸರು ಕಾಣುವ ಮೂಲೆಗೆ ಅಂಟಿಸುತ್ತಿದ್ದ. "ಯಾರ್ ತಲೆ ಅಂತ ಏಳ್ಬೇಡಿ ಸಾ. ಗೊತ್ತಾದ್ರೆ ಕಣ್ಣು ಒಂದ್ ಕಡೀಕೆ ವಾಲ್ಬುಡ್ತದೆ" ಎನ್ನುತ್ತಿದ್ದ. ನಾನು ಹೊಳೆನರಸೀಪುರದ ಶಾಸ್ತ್ರಿಗಳ ಮನೆತನದವನು, ಮೇಲಾಗಿ ಎಂ.ಡಿ.; ನನ್ನ ಕಣ್ಣು ವಾಲುವಂಥದಲ್ಲವೆಂದು ನಂಬಿದ್ದೆ.

ಎರಡು ಸಾವಿರದ ದಶಕದ ಕೊನೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಒಂದು ಅಧ್ಯಯನ ಶುರುಮಾಡಿದರು. ಬಹಳ ವರ್ಷ ಕುಡಿದವರದೊಂದು ಗುಂಪು, ಕುಡಿಯದವರದೊಂದು. ಮೆದುಳಿನ ಹೊರಪದರ ಇರುವುದೇ ಅಕ್ಕಿರೊಟ್ಟಿಯಷ್ಟು ದಪ್ಪ. ಕುಡಿದವರಲ್ಲಿ ಅದು ತೆಳ್ಳಗಾಗಿದೆಯೇ ಎಂದು ಅಳೆಯಬೇಕಿತ್ತು. ನನಗೆ ಪ್ರೊಫೆಸರ್ ಆಗಲು ಮೊದಲ ಹೆಸರಿನ ಲೇಖನವೊಂದು ಬೇಕಿತ್ತು. ತೆಳ್ಳಗಾಗಿದೆ ಎಂದು ಆಗಲೇ ತೀರ್ಮಾನಿಸಿದ್ದೆ, ಅಳೆಯುವುದಷ್ಟೇ ಬಾಕಿ.

ಯಂತ್ರದೊಳಗೆ ತಲೆ ಅಲ್ಲಾಡಿದರೆ ಪದರ ಇದ್ದುದಕ್ಕಿಂತ ತೆಳ್ಳಗೆ ಕಾಣುತ್ತದೆ. ಅರಕಲಗೂಡಿನ ಕುಡುಕನೊಬ್ಬ ನಾನೆಷ್ಟು ಗದರಿದರೂ ಮಿಸುಕಾಡುತ್ತಲೇ ಇದ್ದ. ನಿಂಗರಾಜು ಬಗ್ಗಿ ಹೇಳಿದ: "ಅಣ್ಣೋ, ನೀನು ಅಲ್ಲಾಡಿದ್ದೂ ಕುಡ್ದಿದ್ ಲೆಕ್ಕಕ್ಕೇ ಸೇರ್ಕತದೆ ಕಣಣ್ಣ."

"ಕುಡ್ದಿದ್ದೇ ಬೇಕಾದಷ್ಟೈತೆ, ಕುಡೀದೆ ಇದ್ದುದ್ನೂ ಸೇರುಸ್ಬೇಡ್ರಪ್ಪ" ಎಂದವನು ಕಲ್ಲಿನಂತೆ ಮಲಗಿದ. ನನ್ನ ಹೊಟ್ಟೆಯುರಿ ಅಂದು ಶಾಸ್ತ್ರೋಕ್ತವಾಗಿ ಆರಂಭವಾಯಿತು.

ಪದರದ ಅಂಚಿಗೆ ಕಂಪ್ಯೂಟರ್ ತಾನೇ ಗೆರೆ ಎಳೆಯುತ್ತದೆ. ತಪ್ಪಿದ ಕಡೆ ನಾವು ಕೈಯಿಂದ ತಿದ್ದಬೇಕು. ಎರಡು ತಿಂಗಳು ತಿದ್ದಿದೆ. ಕುಡಿದವರ ಪದರ ಸ್ಪಷ್ಟವಾಗಿ ತೆಳ್ಳಗೆ ಬಂತು. ಗತ್ತಿನಿಂದ ಮೇಡಂ ಮುಂದಿಟ್ಟೆ. ಅವರು ನಿಂಗರಾಜುವನ್ನು ಕರೆಸಿ ತೋರಿಸಿದರು. ಅವನು ಎರಡೂ ಗುಂಪಿನ ತಲೆಗಳನ್ನು ಒಂದೊಂದಾಗಿ ತೆರೆದು ನೋಡಿದ.

"ಸಾ, ಕುಡ್ದೋರ್ ತಲೆ ಮಾತ್ರ ತಿದ್ದಿದ್ದೀರಿ. ಕುಡೀದೋರ್ ತಲೇಲಿ ಗೆರೆ ಎಲ್ಲೂ ತಪ್ಪಿಲ್ವಾ?"

"ಅವು ಚೆನ್ನಾಗೇ ಇದ್ದವು."

"ಗುಂಪು ಗೊತ್ತಿತ್ತಲ್ಲ ಸಾ, ಅದುಕ್ಕೆ ಚೆನ್ನಾಗಿದ್ವು."

ಅವನ ದನಿಯಲ್ಲಿ ಗೆದ್ದವನ ಜಂಬವಿರಲಿಲ್ಲ. ಇದ್ದಿದ್ದರೆ ಕ್ಷಮಿಸುತ್ತಿದ್ದೆ.

ಮೇಡಂ ನನ್ನ ಮುಖ ನೋಡದೆ, "ಮೂರ್ತಿ, ಇದನ್ನ ಮೊದಲಿಂದ ನಿಂಗರಾಜು ಮಾಡ್ಲಿ. ಯಾರು ಮಾಡ್ತಾರೋ ಅವರದ್ದೇ ಮೊದಲ ಹೆಸರು" ಎಂದರು.

ತಲೆಗಳನ್ನೆಲ್ಲ ಕಲಸಿ ಬರೀ ನಂಬರು ಕೊಟ್ಟರು. ನಾಲ್ಕು ತಿಂಗಳು ಅವನು ತಿದ್ದಿದ. ಒಂದು ತಪ್ಪಾದರೂ ಸಿಕ್ಕೀತೆಂದು ನಾನು ದಿನಕ್ಕೆ ಮೂರು ಸಲ ನೆಪ ಹುಡುಕಿ ಆ ಕೋಣೆಗೆ ಹೋಗುತ್ತಿದ್ದೆ. ಅವನು ಪ್ರೀತಿಯಿಂದ ಫ್ಲಾಸ್ಕಿನ ಕಾಫಿ ಕೊಡುತ್ತಿದ್ದ. ಒಮ್ಮೆ, "ಈ ಗೆರೆ ನೀವೇಳಿದ್ದೇ ಸರಿ ಸಾ" ಎಂದು ಒಪ್ಪಿಕೊಂಡ. ಅದನ್ನು ಹೆಂಡತಿಗೆ ಎರಡು ಸಲ ಹೇಳಿದೆ. ಕೊನೆಗೆ ನಂಬರು ಬಿಚ್ಚಿ ಹೋಲಿಸಿದಾಗ ಎರಡು ಗುಂಪಿನ ನಡುವೆ ವ್ಯತ್ಯಾಸವೇ ಕಾಣಲಿಲ್ಲ; ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಲೇಖನ ಹೊರಬರುವ ಮೊದಲೇ ಅವನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಬಸ್ ಸ್ಟ್ಯಾಂಡಿಗೆ ನಾನೇ ಸ್ಕೂಟರಿನಲ್ಲಿ ಬಿಟ್ಟೆ; ಹೋಗುವುದನ್ನು ಕಣ್ಣಾರೆ ನೋಡುವ ಆಸೆಯಿತ್ತು. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಸಾ, ಯತ್ಯಾಸ ಇಲ್ಲ ಅಂತ ಬರೀಬೇಡಿ. ನಮ್ಗೆ ಕಾಣ್ಲಿಲ್ಲ ಅಂತ ಬರೀರಿ" ಎಂದ. ಆಮೇಲೆ ಅವನನ್ನು ನೋಡಲಿಲ್ಲ.

ಹಾಗೆಯೇ ಬರೆದೆ. ಲೇಖನ ಅಚ್ಚಾಯಿತು. ಮೊದಲ ಹೆಸರು ನಿಂಗರಾಜುವಿನದು, ನನ್ನದು ಮೂರನೆಯದು.